ದಕ್ಷಿಣದ ಉಲ್ಕೆಗಳಿಗೆ ಬೇರೆಯದೇ ಪಂಚಾಂಗ

ಆಗಸ್ಟ್ ಎರಡನೆಯ ವಾರ ಬಂತೆಂದರೆ ಎಲ್ಲ ಸುದ್ದಿತಾಣಗಳಲ್ಲೂ ಒಂದೇ ಶೀರ್ಷಿಕೆ: ಇಂದು ರಾತ್ರಿ ಉಲ್ಕೆಗಳ ಮಳೆ, ಗಂಟೆಗೆ ನೂರು, ತಪ್ಪದೆ ನೋಡಿ. ಪರ್ಸೀಡ್ಸ್ ಎಂಬ ಈ ಉಲ್ಕಾವರ್ಷದ ಸುದ್ದಿ ವಾಟ್ಸ್ಆ್ಯಪ್ ಹತ್ತಿ ಸಿಡ್ನಿ, ಮೆಲ್ಬರ್ನ್‌ಗಳಿಗೂ ತಲುಪುತ್ತದೆ. ನಂಬಿದವರು ಅಲ್ಲಿಯ ಚಳಿಗಾಲದ ನಡುರಾತ್ರಿಯಲ್ಲಿ ಮಕ್ಕಳಿಗೆ ಸ್ವೆಟರ್ ತೊಡಿಸಿ, ಕಾರಿನಲ್ಲಿ ಊರಾಚೆ ಹೋಗಿ, ಕತ್ತು ನೋಯುವವರೆಗೆ ನೋಡಿ ವಾಪಸಾಗುತ್ತಾರೆ. ಮೋಡ ಇರಲಿಲ್ಲ, ಬೆಳದಿಂಗಳಿರಲಿಲ್ಲ, ತಾರೀಕೂ ಸರಿಯಾಗಿಯೇ ಇತ್ತು. ಕೈಕೊಟ್ಟದ್ದು ಅಕ್ಷಾಂಶ.

ಉಲ್ಕಾವರ್ಷವೆಂದರೆ ಧೂಮಕೇತುವೊಂದು ತನ್ನ ದಾರಿಯುದ್ದಕ್ಕೂ ಚೆಲ್ಲಿಹೋದ ಧೂಳಿನ ಪಟ್ಟೆಯನ್ನು ಭೂಮಿ ಹಾಯುವುದು. ಪ್ರತಿ ವರ್ಷ ಅದೇ ದಿನಾಂಕದ ಆಸುಪಾಸಿನಲ್ಲಿ ಭೂಮಿ ಅದೇ ಪಟ್ಟೆಯೊಳಗೆ ನುಗ್ಗುತ್ತದೆ. ಕಣಗಳು ಒಂದಕ್ಕೊಂದು ಸಮಾಂತರವಾಗಿ ಬಂದು ನೆಲದಿಂದ ಸುಮಾರು ನೂರು ಕಿಲೋಮೀಟರ್ ಎತ್ತರದಲ್ಲಿ ಉರಿದುಹೋಗುತ್ತವೆ. ರಾತ್ರಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಹೆಡ್‌ಲೈಟಿನ ಬೆಳಕಿನಲ್ಲಿ ಮಳೆ ನೋಡಿದವರಿಗೆ ಗೊತ್ತು, ಹನಿಗಳೆಲ್ಲ ಎದುರಿನ ಒಂದೇ ಬಿಂದುವಿನಿಂದ ಚಿಮ್ಮಿ ನಮ್ಮತ್ತ ಹರಡಿದಂತೆ ಕಾಣುತ್ತವೆ. ಉಲ್ಕೆಗಳೂ ಹಾಗೆಯೇ. ಅವು ಹೊರಟಂತೆ ತೋರುವ ಆ ಜಾಗವನ್ನು ಉಗಮಬಿಂದು ಎನ್ನೋಣ. ಆ ಬಿಂದು ಯಾವ ನಕ್ಷತ್ರಪುಂಜದಲ್ಲಿದೆಯೋ ಉಲ್ಕಾವರ್ಷಕ್ಕೆ ಅದರದೇ ಹೆಸರು.

ಈ ಬಿಂದು ನೀವಿರುವ ಊರಿನಲ್ಲಿ ಹುಟ್ಟುತ್ತದೆಯೇ, ಹುಟ್ಟಿದರೆ ಎಷ್ಟು ಮೇಲೇರುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಲೆಕ್ಕ ಸುಲಭ. ಪರ್ಸೀಡ್ಸ್ ಉಗಮಬಿಂದು ಆಕಾಶದ ಸಮಭಾಜಕದಿಂದ 58 ಡಿಗ್ರಿ ಉತ್ತರಕ್ಕಿದೆ. ಸಿಡ್ನಿ ಭೂಮಧ್ಯರೇಖೆಯಿಂದ 34 ಡಿಗ್ರಿ ದಕ್ಷಿಣಕ್ಕಿದೆ. ಎರಡನ್ನೂ ಕೂಡಿದರೆ 92. ತೊಂಬತ್ತು ದಾಟಿತೆಂದರೆ ಆ ಬಿಂದು ಅಲ್ಲಿ ಹುಟ್ಟುವುದೇ ಇಲ್ಲ, ದಿಗಂತದ ಕೆಳಗೇ ಸುತ್ತಿ ಹೋಗುತ್ತದೆ. ಮೆಲ್ಬರ್ನ್, ಹೋಬರ್ಟ್, ನ್ಯೂಜಿಲೆಂಡಿನ ಪಾಡೂ ಅದೇ. ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್‌ನಲ್ಲಿ ಮಾತ್ರ ಅದು ಹತ್ತೊಂಬತ್ತು ಇಪ್ಪತ್ತು ಡಿಗ್ರಿಯಷ್ಟು ತಲೆಯೆತ್ತುತ್ತದೆ. ಬೆಂಗಳೂರಿನಲ್ಲಿ 45 ಡಿಗ್ರಿ ಏರುತ್ತದೆ, ಆದರೆ ಅದು ಆಶ್ಲೇಷ ಮಳೆಯ ಕಾಲ. ನಮ್ಮ ಪಾಲಿಗೆ ಆಗ ಆಕಾಶವೆಂಬುದೇ ಇರುವುದಿಲ್ಲ.

ಸುದ್ದಿಗಳಲ್ಲಿ ಬರುವ ‘ಗಂಟೆಗೆ ನೂರು’, ‘ಗಂಟೆಗೆ ನೂರೈವತ್ತು’ ಎಂಬ ಅಂಕಿಗಳ ಬಗ್ಗೆ ನನಗೆ ಹಳೆಯ ತಕರಾರಿದೆ. ಅದು ಯಾರೂ ಕಣ್ಣಾರೆ ಎಣಿಸಿದ ಸಂಖ್ಯೆಯಲ್ಲ. ಉಗಮಬಿಂದು ಸರಿಯಾಗಿ ನೆತ್ತಿಯ ಮೇಲಿದ್ದು, ಬರಿಗಣ್ಣಿಗೆ 6.5 ಕಾಂತಿಮಾನದ ಮಂಕು ನಕ್ಷತ್ರವೂ ಕಾಣುವಷ್ಟು ಕತ್ತಲಿದ್ದರೆ ಇಷ್ಟು ಕಂಡೀತು ಎಂಬ ಹೊಂದಿಸಿದ ಲೆಕ್ಕ ಅದು, ‘ನೆತ್ತಿಯ ಲೆಕ್ಕ’ ಎನ್ನೋಣ. ಬೇರೆ ಬೇರೆ ಊರಿನವರ ಎಣಿಕೆಯನ್ನು ಹೋಲಿಸಲು ಖಗೋಳಜ್ಞರಿಗೆ ಇಂಥದ್ದೊಂದು ಅಳತೆ ಬೇಕೇ ಬೇಕು. ಅದನ್ನು ಹಾಗೆಯೇ ಎತ್ತಿ ಜನರಿಗೆ ಕೊಡುವುದು ಮಾತ್ರ, ಕಾರಿನ ಕಂಪನಿ ಹೇಳಿದ ಮೈಲೇಜನ್ನು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿರೀಕ್ಷಿಸಿದಂತೆ. ಬಿಂದು ಕೆಳಗಿಳಿದಷ್ಟೂ ಅದರ ಎತ್ತರದ ಸೈನ್ ಬೆಲೆಗೆ ತಕ್ಕಂತೆ ಎಣಿಕೆ ಇಳಿಯುತ್ತದೆ. 30 ಡಿಗ್ರಿಯಲ್ಲಿದ್ದರೆ ಅರ್ಧ. ಊರ ಬೆಳಕಿನಿಂದಾಗಿ ಒಂದು ಕಾಂತಿಮಾನದಷ್ಟು ನಕ್ಷತ್ರಗಳು ಅಳಿಸಿಹೋಗಿದ್ದರೆ, ಉಳಿದದ್ದರಲ್ಲೂ ಅರ್ಧಕ್ಕಿಂತ ಹೆಚ್ಚು ಹೋಯಿತು.

ಹಾಗಾದರೆ ದಕ್ಷಿಣದವರ ಪಾಲಿಗೆ ಏನೂ ಇಲ್ಲವೇ? ಇದೆ, ಮೇ ತಿಂಗಳಲ್ಲಿ.

ಪ್ರತಿ ವರ್ಷ ಮೇ 5-6ರ ಸುಮಾರಿಗೆ ಭೂಮಿ ಹ್ಯಾಲಿ ಧೂಮಕೇತುವಿನ ಧೂಳನ್ನು ಹಾಯುತ್ತದೆ. ಉಗಮಬಿಂದು ಕುಂಭ ರಾಶಿಯಲ್ಲಿ, ಈಟಾ ನಕ್ಷತ್ರದ ಹತ್ತಿರ. ಆದ್ದರಿಂದ ಈಟಾ ಅಕ್ವೇರಿಡ್ಸ್. ಹ್ಯಾಲಿಯ ದಾರಿ ಗ್ರಹಗಳ ದಿಕ್ಕಿಗೆ ಉಲ್ಟಾ. ಹಾಗಾಗಿ ಕಣಗಳು ನಮಗೆ ಹೆಚ್ಚುಕಡಿಮೆ ಎದುರಿನಿಂದಲೇ ಬಂದು ಗುದ್ದುತ್ತವೆ, ಸೆಕೆಂಡಿಗೆ 66 ಕಿಲೋಮೀಟರ್ ವೇಗದಲ್ಲಿ. ಬೆಂಗಳೂರಿನಿಂದ ಮೈಸೂರಿಗೆ ಎರಡೇ ಸೆಕೆಂಡು ಮತ್ತೊಂದು ಚೂರು. ಇಷ್ಟು ವೇಗದ ಉಲ್ಕೆ ಗೆರೆ ಎಳೆದು ಸುಮ್ಮನಾಗುವುದಿಲ್ಲ. ಅದು ಹೋದ ಮೇಲೂ ಆ ಜಾಡು ಒಂದೆರಡು ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು, ತೆಳುವಾಗಿ ಮಿನುಗುತ್ತಿರುತ್ತದೆ. ಪ್ರಕಾಶಮಾನವಾದದ್ದು ಒಂದು ಬಿದ್ದರೆ ಆ ಜಾಡು ಮೇಲ್ಗಾಳಿಗೆ ಸಿಕ್ಕು ಸೊಟ್ಟಗಾಗುವುದನ್ನೂ ನೋಡಬಹುದು.

ಈ ಉಗಮಬಿಂದು ಆಕಾಶದ ಸಮಭಾಜಕಕ್ಕೆ ಅಂಟಿಕೊಂಡೇ ಇದೆ. ಆದ್ದರಿಂದ ಎಲ್ಲ ಊರಿನಲ್ಲೂ ಸ್ಥಳೀಯ ಸೂರ್ಯನ ಲೆಕ್ಕದಲ್ಲಿ ಒಂದೇ ಹೊತ್ತಿಗೆ, ಬೆಳಗಿನ ಜಾವ ಒಂದೂ ಮುಕ್ಕಾಲರ ಸುಮಾರಿಗೆ ಹುಟ್ಟುತ್ತದೆ. ಹುಟ್ಟುವ ಹೊತ್ತು ಒಂದೇ ಆದರೂ ಬೆಳಗಾಗುವ ಹೊತ್ತು ಒಂದೇ ಅಲ್ಲ. ಲಂಡನ್ನಿನಲ್ಲಿ ಮೇ ಎಂದರೆ ಬೇಸಿಗೆಯ ಬಾಗಿಲು. ಬಿಂದು ದಿಗಂತ ಬಿಟ್ಟು ಏಳುವ ಹೊತ್ತಿಗೆ ಅಲ್ಲಿ ಪೂರ್ವ ಬೆಳ್ಳಗಾಗಲು ಶುರು. ಮೆಲ್ಬರ್ನ್‌ನಲ್ಲಿ ಅದು ಶರದೃತು. ಸೂರ್ಯ ಹುಟ್ಟುವುದು ಏಳು ಗಂಟೆಗೆ. ಎರಡು ಗಂಟೆಗೆ ಹುಟ್ಟಿದ ಬಿಂದು ಐದೂವರೆಯವರೆಗೆ ಗಾಢ ಕತ್ತಲಿನಲ್ಲೇ ಮೇಲೇರುತ್ತ 40 ಡಿಗ್ರಿ ಮುಟ್ಟುತ್ತದೆ. ಯುರೋಪಿನವರು ಈ ಉಲ್ಕಾವರ್ಷವನ್ನು ‘ಸಾಧಾರಣ’ ಎಂದು ಬರೆದರೆ ಅದು ಅವರ ಕಿಟಕಿಯ ಸಂಗತಿ. ದಕ್ಷಿಣದ ಕತ್ತಲಿನಲ್ಲಿ ಗಂಟೆಗೆ ಇಪ್ಪತ್ತು ಮೂವತ್ತು ಉಲ್ಕೆಗಳು ಕಾಣುವುದು ದೊಡ್ಡ ಮಾತಲ್ಲ. 2013ರಲ್ಲಂತೂ ನೆತ್ತಿಯ ಲೆಕ್ಕ ನೂರನ್ನೂ ದಾಟಿತ್ತು. ಮೂರು ಸಾವಿರ ವರ್ಷಗಳ ಹಿಂದೆ ಹ್ಯಾಲಿ ಬಿಟ್ಟುಹೋದ ಧೂಳು ಅದು ಎಂದು ಜಪಾನಿನ ಖಗೋಳಜ್ಞರು ಲೆಕ್ಕ ಹಾಕಿದ್ದಾರೆ.

ಇನ್ನೊಂದು ಲಾಭ ಪಂಚಾಂಗದಲ್ಲಿ ಬರೆದಿರುವುದಿಲ್ಲ. ಮೇ ಮೊದಲ ವಾರ ಬೆಳಗಿನ ಜಾವ ಮೂರು ಗಂಟೆಗೆ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಅಂಗಾತ ಮಲಗಿದರೆ, ಕ್ಷೀರಪಥದ ನಟ್ಟನಡುವಿನ ಭಾಗ, ಧನು ಮತ್ತು ವೃಶ್ಚಿಕ ಸೇರುವ ಕಡೆ, ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ. ಅದರ ನಡುವೆ ಹರಿದ ಕಪ್ಪು ಧೂಳಿನ ಪಟ್ಟೆಗಳಲ್ಲಿ ಅಲ್ಲಿಯ ಮೂಲನಿವಾಸಿಗಳು ಎಮು ಹಕ್ಕಿಯನ್ನು ಗುರುತಿಸುತ್ತಾರೆ. ಅದರ ತಲೆ ಇರುವುದು ತ್ರಿಶಂಕುವಿನ ಪಕ್ಕದ ಕಪ್ಪು ಮಚ್ಚೆಯಲ್ಲಿ. ನಕ್ಷತ್ರಗಳನ್ನು ಜೋಡಿಸಿ ಅಲ್ಲ, ನಕ್ಷತ್ರಗಳಿಲ್ಲದ ಜಾಗವನ್ನು ಜೋಡಿಸಿ ಮಾಡಿದ ಚಿತ್ರ ಅದು. ಉಲ್ಕೆ ಬೀಳದ ಹತ್ತು ನಿಮಿಷವೂ ಅಲ್ಲಿ ದಂಡವಲ್ಲ.

ಕರ್ನಾಟಕದವರು ಈ ವಿಷಯದಲ್ಲಿ ಅರ್ಧ ದಕ್ಷಿಣದವರೇ. ಬೆಂಗಳೂರಿನಲ್ಲಿಯೂ ಈ ಬಿಂದು ಎರಡು ಗಂಟೆಯ ಹೊತ್ತಿಗೆ ಹುಟ್ಟಿ, ಬೆಳಕು ಹರಿಯತೊಡಗುವ ನಾಲ್ಕೂ ಮುಕ್ಕಾಲರ ಹೊತ್ತಿಗೆ ಮೆಲ್ಬರ್ನ್‌ನಷ್ಟೇ ಎತ್ತರಕ್ಕೆ ಬಂದಿರುತ್ತದೆ. ಅವಧಿ ಒಂದು ಗಂಟೆ ಕಡಿಮೆ, ಅಷ್ಟೇ. ಅದು ಭರಣಿ ಮಳೆಯ ದಿನಗಳು. ಸಂಜೆ ಗುಡುಗಿ ಸುರಿದರೂ ಬೆಳಗಿನ ಜಾವ ಆಕಾಶ ತೊಳೆದಿಟ್ಟಂತಿರುವುದು ಆ ಮಳೆಯಲ್ಲಿ ಎಷ್ಟೋ ಸಲ ಉಂಟು. 2027ರ ಮೇ 6ರಂದು ಅಮಾವಾಸ್ಯೆ. ಆ ವರ್ಷ ಬೆಳದಿಂಗಳ ಕಾಟವೇ ಇಲ್ಲ. ಚಾಮರಾಜನಗರದಲ್ಲಿರುವವರೂ ಕ್ಯಾನ್‌ಬೆರಾದಲ್ಲಿರುವವರೂ ಒಂದೇ ಅಲಾರಂ ಇಟ್ಟುಕೊಳ್ಳಬಹುದು.

ಡಿಸೆಂಬರಿನ ಜೆಮಿನಿಡ್ಸ್ ಕತೆ ಬೇರೆ. ಇಡೀ ವರ್ಷದಲ್ಲಿ ಅತಿ ಸಮೃದ್ಧವಾದ ಉಲ್ಕಾವರ್ಷ ಇದು, ನೆತ್ತಿಯ ಲೆಕ್ಕ 150ರ ಹತ್ತಿರ. ಇದರ ಮೂಲ ಬಾಲವಿರುವ ಧೂಮಕೇತುವಲ್ಲ, 1983ರಲ್ಲಿ ಐರಾಸ್ ಉಪಗ್ರಹದ ಚಿತ್ರಗಳಲ್ಲಿ ಸಿಕ್ಕ ಫೇಥಾನ್ ಎಂಬ ಕ್ಷುದ್ರಗ್ರಹ. ಉಗಮಬಿಂದು ಮಿಥುನ ರಾಶಿಯಲ್ಲಿ 33 ಡಿಗ್ರಿ ಉತ್ತರಕ್ಕಿದೆ. ಬೆಂಗಳೂರಿನಲ್ಲಿ ಇದು ರಾತ್ರಿ ಎಂಟಕ್ಕೆ ಮೊದಲೇ ಹುಟ್ಟಿ, ಎರಡು ಗಂಟೆ ದಾಟುವಾಗ 70 ಡಿಗ್ರಿ ಎತ್ತರದಲ್ಲಿರುತ್ತದೆ. ಲಂಡನ್ನಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಅವರು ಬಿಂದುವಿನ ಆಚೆ ಬದಿಗಿದ್ದಾರೆ, ನಾವು ಈಚೆ ಬದಿಗೆ. ಸಿಡ್ನಿಯಲ್ಲಿ ಅದು ಹುಟ್ಟುವುದೇ ರಾತ್ರಿ ಹತ್ತೂವರೆಗೆ, ಏರುವುದು 23 ಡಿಗ್ರಿಯಷ್ಟೇ. ಎಂದರೆ ನೂರೈವತ್ತು ಅರವತ್ತಕ್ಕಿಳಿಯಿತು. ಹೋಬರ್ಟ್‌ನಲ್ಲಿ ಮೂವತ್ತೈದರ ಆಸುಪಾಸು.

ಇಳಿದರೂ ಅರವತ್ತು ಅರವತ್ತೇ. ಉತ್ತರದವರಿಗೆ ಸಿಗದ ಒಂದು ಸುಖವೂ ಇದರಲ್ಲಿದೆ: ದಕ್ಷಿಣದಲ್ಲಿ ಡಿಸೆಂಬರ್ ಎಂದರೆ ಬೇಸಿಗೆ. ಕೆನಡಾದವನು ಮೈನಸ್ ಚಳಿಯಲ್ಲಿ ನಡುಗುತ್ತ ನೋಡುವುದನ್ನು ಬ್ರಿಸ್ಬೇನಿನವನು ಟೀ ಶರ್ಟಿನಲ್ಲಿ ಚಾಪೆ ಹಾಸಿಕೊಂಡು ನೋಡುತ್ತಾನೆ. ಬಿಂದು ಆಗಷ್ಟೇ ದಿಗಂತ ಮುಟ್ಟುತ್ತಿರುವ ಮೊದಲ ಅರ್ಧಗಂಟೆಯಲ್ಲಿ ಹೊರಗಿರುವುದು ಒಳ್ಳೆಯದು. ಆಗ ಬರುವ ಕಣಗಳು ವಾಯುಮಂಡಲದ ಮೇಲ್ಪದರವನ್ನು ಸವರಿಕೊಂಡು ಹೋಗುತ್ತವೆ. ಎಣಿಕೆ ತೀರಾ ಕಡಿಮೆ, ಆದರೆ ಸಿಕ್ಕ ಒಂದೊಂದೂ ಉತ್ತರ ದಿಗಂತದಿಂದ ಹೊರಟು ತಲೆಯ ಮೇಲೆ ಹಾದು ಅರ್ಧ ಆಕಾಶದುದ್ದ ನಿಧಾನವಾಗಿ ಗೆರೆ ಎಳೆಯುತ್ತದೆ. ಗಂಟೆಗೆ ಎಷ್ಟು ಎಂಬ ಪೈಪೋಟಿಗಿಂತ ಇಂಥದ್ದೊಂದು ಕಂಡರೆ ಸಾಕು ಎನ್ನುವ ಪೈಕಿ ನಾನು.

ನಮ್ಮಲ್ಲಿಂದ ಅಲ್ಲಿಗೆ ಹೋದವರಿಗೆ ಮೊದಲು ಕೈಕೊಡುವುದು ದಿಕ್ಕು. ಅಲ್ಲಿ ಸೂರ್ಯಚಂದ್ರರು ಉತ್ತರದ ಕಡೆಯಿಂದ, ಬಲದಿಂದ ಎಡಕ್ಕೆ ಸಾಗುತ್ತಾರೆ. ಮಹಾವ್ಯಾಧ ತಲೆಕೆಳಗಾಗಿ ನಿಂತಿರುತ್ತಾನೆ. ಅವನ ನಡುಪಟ್ಟಿ, ಕತ್ತಿ ಸೇರಿದ ಆಕಾರವನ್ನು ಆಸ್ಟ್ರೇಲಿಯನ್ನರು ಹಿಡಿಯಿರುವ ಪಾತ್ರೆ ಎಂದು, ‘ಸಾಸ್‌ಪ್ಯಾನ್’ ಎಂದು ಕರೆಯುತ್ತಾರೆ. ಜೆಮಿನಿಡ್ಸ್ ಹುಡುಕಲು ಆ ಪಾತ್ರೆಯಿಂದ ಕೆಳಗೆ, ದಿಗಂತದ ಕಡೆಗೆ ಇಳಿಯಬೇಕು.

ಜುಲೈ ಕೊನೆಯ ವಾರದ ಬಗ್ಗೆ ಯಾರೂ ಶೀರ್ಷಿಕೆ ಬರೆಯುವುದಿಲ್ಲ. ದಕ್ಷಿಣ ಡೆಲ್ಟಾ ಅಕ್ವೇರಿಡ್ಸ್ ಎಂಬುದು ಆಗಿನದು. ಬಿಂದು 16 ಡಿಗ್ರಿ ದಕ್ಷಿಣದಲ್ಲಿರುವುದರಿಂದ ಸಿಡ್ನಿಯಲ್ಲಿ ರಾತ್ರಿ ಎರಡರ ಹೊತ್ತಿಗೆ 70 ಡಿಗ್ರಿಗೂ ಮೇಲೆ ಬರುತ್ತದೆ. ನೆತ್ತಿಯ ಲೆಕ್ಕ 25. ಉಲ್ಕೆಗಳು ಮಂಕು, ಊರ ಬೆಳಕಿನಲ್ಲಿ ಕಾಣಲಾರವು. ಅದೇ ದಿನಗಳಲ್ಲಿ ಮಕರ ರಾಶಿಯ ಆಲ್ಫಾ ಕ್ಯಾಪ್ರಿಕಾರ್ನಿಡ್ಸ್ ಕೂಡ ಇರುತ್ತದೆ, ಗಂಟೆಗೆ ಐದಾರು ಮಾತ್ರ, ಆದರೆ ನಿಧಾನಗತಿಯ ದೊಡ್ಡ ಬೆಂಕಿಯುಂಡೆಗಳಿಗೆ ಹೆಸರುವಾಸಿ. ಮಂಕಾದವು ಹಲವು, ಝಗ್ಗೆನ್ನುವವು ಕೆಲವು. ಉದ್ದನೆಯ ಚಳಿಗಾಲದ ರಾತ್ರಿಗೆ ಈ ಜೋಡಿ ಸಾಕು.

ಇಷ್ಟೆಲ್ಲ ಇದ್ದೂ ದಕ್ಷಿಣದ ಪಂಚಾಂಗ ಯಾಕೆ ಯಾರಿಗೂ ಗೊತ್ತಿಲ್ಲ? ನೋಡುವವರಿಲ್ಲ, ಅದೇ ಕಾರಣ. ದಕ್ಷಿಣಾರ್ಧಗೋಳದ ಐದರಲ್ಲಿ ನಾಲ್ಕು ಪಾಲು ನೀರು. ಜಗತ್ತಿನ ಹತ್ತು ಜನರಲ್ಲಿ ಅಲ್ಲಿರುವುದು ಹೆಚ್ಚುಕಡಿಮೆ ಒಬ್ಬರು. ಚೀನಾ, ಅರಬ್, ಯುರೋಪುಗಳ ಶತಮಾನಗಳ ದಾಖಲೆಗಳೆಲ್ಲ ಉತ್ತರದವು. 1935ರಲ್ಲಿ ಆಕ್ಲೆಂಡಿನ ಹವ್ಯಾಸಿ ವೀಕ್ಷಕ ರೊನಾಲ್ಡ್ ಮ್ಯಾಕಿಂಟಾಷ್ ದಕ್ಷಿಣದ ಉಲ್ಕಾವರ್ಷಗಳ ದೊಡ್ಡ ಪಟ್ಟಿಯೊಂದನ್ನು ಪ್ರಕಟಿಸಿದ. ಮೂರು ನೂರಕ್ಕೂ ಹೆಚ್ಚು ಉಗಮಬಿಂದುಗಳಿದ್ದ ಆ ಪಟ್ಟಿ, ಬರಿಗಣ್ಣಿನಿಂದ ಆಕಾಶ ನೋಡಿದ ಬೆರಳೆಣಿಕೆಯ ಜನರ ಟಿಪ್ಪಣಿಗಳಿಂದ ಎದ್ದದ್ದು. ಆಮೇಲೆ ಅಡಿಲೇಡ್ ಮತ್ತು ಕ್ರೈಸ್ಟ್‌ಚರ್ಚ್ ಬಳಿಯ ರೇಡಾರ್‌ಗಳು ಹಗಲು ರಾತ್ರಿ, ಮೋಡ ಮಳೆ ಎನ್ನದೆ ಎಣಿಸತೊಡಗಿದವು.

ನೋಡುವವರಿಲ್ಲದ ಕಡೆ ಏನಾಗಬಹುದು ಎಂಬುದಕ್ಕೆ 1956ರ ಡಿಸೆಂಬರ್ 5 ಒಳ್ಳೆಯ ಉದಾಹರಣೆ. ಜಪಾನಿನ ಮೊದಲ ಅಂಟಾರ್ಕ್ಟಿಕ ಸಂಶೋಧನಾ ತಂಡವನ್ನು ಹೊತ್ತ ಸೋಯಾ ಹಡಗು ಹಿಂದೂ ಮಹಾಸಾಗರದಲ್ಲಿ ಸಾಗುತ್ತಿತ್ತು. ಆ ರಾತ್ರಿ ಆಕಾಶದಿಂದ ಉಲ್ಕೆಗಳು ಒಂದರ ಹಿಂದೊಂದು ಬೀಳತೊಡಗಿದವು. ನ್ಯೂಜಿಲೆಂಡ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಿಂದಲೂ ಅದೇ ವರದಿ. ಯಾವ ಪಟ್ಟಿಯಲ್ಲೂ ಇಲ್ಲದ ಉಲ್ಕಾವರ್ಷ. ಫೀನಿಕ್ಸ್ ಪುಂಜದಿಂದ ಬಂದದ್ದರಿಂದ ಫೀನಿಸಿಡ್ಸ್ ಎಂದಾಯಿತು. ಮುಂದಿನ ವರ್ಷಗಳಲ್ಲಿ ನೋಡಿದರೆ ಹಾಗೆ ಮತ್ತೆ ಬರಲೇ ಇಲ್ಲ. 1819ರಲ್ಲಿ ಬ್ಲಾನ್‌ಪೇನ್ ಎಂಬ ಫ್ರೆಂಚ್ ಖಗೋಳಜ್ಞ ಕಂಡ ಧೂಮಕೇತುವೊಂದು ಆಮೇಲೆ ಕಳೆದುಹೋಗಿತ್ತು. ಅದರ ಧೂಳೇ ಇರಬೇಕೆಂಬ ಗುಮಾನಿ ಇತ್ತು, ಆದರೆ ಆರೋಪಿಯೇ ನಾಪತ್ತೆ. 2003ರಲ್ಲಿ ಪತ್ತೆಯಾದ ಪುಟ್ಟ ಕ್ಷುದ್ರಗ್ರಹವೊಂದರ ಕಕ್ಷೆ ಹಿಂದಕ್ಕೆ ಲೆಕ್ಕ ಹಾಕಿದಾಗ ಅದು ಬ್ಲಾನ್‌ಪೇನ್‌ನ ಧೂಮಕೇತುವಿಗೇ ಹೊಂದಿತು. ಬಹುಪಾಲು ಧೂಳು ಕಳೆದುಕೊಂಡು ಬಡಕಲಾಗಿದ್ದ ಧೂಮಕೇತು.

ಈಗಲೂ ಹೊಸವು ಸಿಗುತ್ತಲೇ ಇವೆ. 2015ರ ಡಿಸೆಂಬರ್ 31ರ ರಾತ್ರಿ ಜಗತ್ತು ಪಟಾಕಿ ನೋಡುತ್ತಿದ್ದಾಗ ನ್ಯೂಜಿಲೆಂಡಿನಲ್ಲಿ ಆಕಾಶಕ್ಕೆ ಮುಖ ಮಾಡಿಟ್ಟಿದ್ದ ಕ್ಯಾಮೆರಾಗಳು ವೊಲಾಂಟಿಡ್ಸ್ ಎಂಬ ಹೊಸ ಉಲ್ಕಾವರ್ಷವನ್ನು ಹಿಡಿದವು. 2021ರ ಅಕ್ಟೋಬರಿನಲ್ಲಿ ಫಿನ್‌ಲೇ ಧೂಮಕೇತುವಿನ ಧೂಳು ಮೊದಲ ಬಾರಿಗೆ ಭೂಮಿಯನ್ನು ಮುಟ್ಟಿತು. ಆ ಧೂಮಕೇತುವನ್ನು 1886ರಲ್ಲಿ ಕಂಡುಹಿಡಿದದ್ದೂ ದಕ್ಷಿಣದಲ್ಲೇ, ಆಫ್ರಿಕಾದ ಕೇಪ್ ವೀಕ್ಷಣಾಲಯದಲ್ಲಿ.

ಯಾವ ಉಲ್ಕಾವರ್ಷಕ್ಕೂ ಸೇರದ ಬಿಡಿ ಉಲ್ಕೆಗಳೂ ಇವೆ. ಕತ್ತಲಿರುವ ಯಾವ ರಾತ್ರಿಯೂ ಗಂಟೆಗೆ ಕೆಲವಾದರೂ ಕಾಣುತ್ತವೆ. ಭೂಮಿ ಸೂರ್ಯನ ಸುತ್ತ ಮುನ್ನುಗ್ಗುವ ಮುಖಕ್ಕೆ ಇವು ಹೆಚ್ಚು ಬಡಿಯುತ್ತವೆ. ಆ ಮುಖ ನಮಗೆ ಎದುರಾಗುವುದು ನಡುರಾತ್ರಿ ಕಳೆದ ಮೇಲೆ, ಹಾಗಾಗಿಯೇ ಬೆಳಗಿನ ಜಾವಕ್ಕೆ ಇಷ್ಟು ಬೆಲೆ. ಭೂಮಿಯ ಅಕ್ಷ ವಾಲಿರುವುದರಿಂದ ಈ ಮುನ್ನುಗ್ಗುವ ದಿಕ್ಕು ಸೆಪ್ಟೆಂಬರಿನಲ್ಲಿ ಉತ್ತರದವರಿಗೆ ಎತ್ತರ, ಮಾರ್ಚಿನಲ್ಲಿ ದಕ್ಷಿಣದವರಿಗೆ ಎತ್ತರ. ಆದ್ದರಿಂದ ಬಿಡಿ ಉಲ್ಕೆಗಳ ಸುಗ್ಗಿ ಇಬ್ಬರಿಗೂ ಅವರವರ ಶರದೃತುವಿನಲ್ಲೇ. ಫೆಬ್ರವರಿಯಿಂದ ಮೇವರೆಗೆ ದಕ್ಷಿಣದ ರಾತ್ರಿಗಳು ಹೆಚ್ಚು ಕೊಡುತ್ತವೆ. ಆಗಸ್ಟಿನ ಶೀರ್ಷಿಕೆ ನಂಬಿ ಕೂತವರಿಗೆ ಇದೂ ತಪ್ಪಿಹೋಗುತ್ತದೆ.

ನೋಡಲು ದೂರದರ್ಶಕ ಬೇಡ, ಬೈನಾಕ್ಯುಲರ್ ಬೇಡ. ಅವು ಆಕಾಶದ ಕಿಟಕಿಯನ್ನು ಕಿರಿದು ಮಾಡುತ್ತವೆ. ಮಲಗುವ ಕುರ್ಚಿ, ಇಬ್ಬನಿಗೆ ಒಂದು ಹೊದಿಕೆ, ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಒಂದೇ ಸಲ ಮೊಬೈಲ್ ತೆರೆದರೂ ಮತ್ತೆ ಮೊದಲಿನಿಂದ. ಉಗಮಬಿಂದುವನ್ನೇ ದಿಟ್ಟಿಸಬಾರದು, ಅಲ್ಲಿ ಗೆರೆಗಳು ಗಿಡ್ಡ. ಅದರಿಂದ ಮೂವತ್ತು ನಲವತ್ತು ಡಿಗ್ರಿ ಆಚೆ ನೋಟ ನೆಟ್ಟರೆ ಉದ್ದನೆಯವು ಸಿಗುತ್ತವೆ. ಜಾಗದ ಮಾತಿಗೆ ಬಂದರೆ ನ್ಯೂ ಸೌತ್ ವೇಲ್ಸ್‌ನ ವಾರಂಬಂಗಲ್ ರಾಷ್ಟ್ರೀಯ ಉದ್ಯಾನ, ನ್ಯೂಜಿಲೆಂಡಿನ ಟೆಕಪೋ ಸರೋವರದ ಸುತ್ತಲಿನ ಮ್ಯಾಕೆಂಜಿ ಪ್ರದೇಶ, ನಮೀಬಿಯಾದ ನಮೀಬ್‌ರ‍್ಯಾಂಡ್, ಇವು ಕತ್ತಲನ್ನು ಕಾಪಾಡಲೆಂದೇ ಗುರುತಿಸಿದ ತಾಣಗಳು. ಆಸ್ಟ್ರೇಲಿಯಾದ ಹಳ್ಳಿರಸ್ತೆಯಲ್ಲಿ ರಾತ್ರಿ ಹೋಗುವವರಿಗೆ ಒಂದು ಮಾತು: ಮುಸ್ಸಂಜೆಗೂ ಮುಂಜಾನೆಗೂ ಕಾಂಗರೂಗಳು ರಸ್ತೆಗಿಳಿಯುತ್ತವೆ. ಉಲ್ಕೆ ನೋಡಿ ಬರುವ ಹೊತ್ತು ಅದೇ. ನಿಧಾನವಾಗಿ ಓಡಿಸಿ.

ಕೈಯಲ್ಲಿ ಪೆನ್ನು ಹಾಳೆ ಇದ್ದರೆ ಇನ್ನೂ ಒಳ್ಳೆಯದು. ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ಮೋಡ ಎಷ್ಟು ಪಾಲು, ಎಷ್ಟು ಮಂಕು ನಕ್ಷತ್ರದವರೆಗೆ ಕಂಡಿತು, ಎಷ್ಟು ಉಲ್ಕೆ ಎಂದು ಬರೆದು ಅಂತರರಾಷ್ಟ್ರೀಯ ಉಲ್ಕಾ ಸಂಘಟನೆಗೆ ಕಳಿಸಬಹುದು. 1988ರಲ್ಲಿ ಶುರುವಾದ ಈ ಸಂಸ್ಥೆಗೆ ದಕ್ಷಿಣದಿಂದ ಬರುವ ಎಣಿಕೆ ಎಂದೂ ಸಾಲದು. ಒಂದೂ ಕಾಣದಿದ್ದರೆ ಸೊನ್ನೆ ಎಂದೇ ಬರೆಯಬೇಕು. ಪೈ ಪಪಿಡ್ಸ್ ಎಂಬುದೊಂದಿದೆ, ಏಪ್ರಿಲ್ 23ರ ಸುಮಾರಿಗೆ, 45 ಡಿಗ್ರಿ ದಕ್ಷಿಣದ ಬಿಂದುವಿನಿಂದ. ನಡುರಾತ್ರಿಗೆ ಮೊದಲೇ ನೋಡಿ ಮುಗಿಸಬೇಕಾದ ಅಪರೂಪದ್ದು. ಇದರ ಧೂಮಕೇತುವಿಗೆ ಎರಡು ಹೆಸರು: 1902ರಲ್ಲಿ ಕಂಡ ನ್ಯೂಜಿಲೆಂಡಿನ ಜಾನ್ ಗ್ರಿಗ್, 1922ರಲ್ಲಿ ದಕ್ಷಿಣ ಆಫ್ರಿಕಾದಿಂದ ಕಂಡ ಆಸ್ಟ್ರೇಲಿಯಾದ ಫ್ರಾಂಕ್ ಶೆಲ್ಲೆರಪ್. 1977 ಮತ್ತು 1982ರಲ್ಲಿ ಅದು ಸೂರ್ಯನ ಹತ್ತಿರ ಬಂದಾಗ ಗಂಟೆಗೆ ನಲವತ್ತರವರೆಗೂ ಉಲ್ಕೆಗಳು ಬಿದ್ದವು. ಉಳಿದ ವರ್ಷಗಳಲ್ಲಿ ಹೆಚ್ಚಾಗಿ ಏನೂ ಇಲ್ಲ. ಆ ‘ಏನೂ ಇಲ್ಲ’ವನ್ನೂ ಯಾರೋ ಚಳಿಯಲ್ಲಿ ಕೂತು ಬರೆದುಕೊಂಡದ್ದರಿಂದಲೇ ಈ ಧೂಳು ಪಟ್ಟೆಯುದ್ದಕ್ಕೂ ಹರಡಿಲ್ಲ, ಧೂಮಕೇತುವಿನ ಹತ್ತಿರವೇ ಗುಂಪಾಗಿದೆ ಎಂಬುದು ಗೊತ್ತಾಯಿತು.